ಮೋರಿ ಉಕ್ಕಿದರೆ ಯಾರ ಬಾಗಿಲು ತಟ್ಟಬೇಕು? ಬೆಂಗಳೂರಿನ ಪಾಲಿಕೆಯಿಂದ ಕೆಲಸ ಮಾಡಿಸಿಕೊಳ್ಳುವ ದಾರಿ

ನಮ್ಮ ಬೀದಿಯ ಮೋರಿ ಮೂರು ವಾರ ಉಕ್ಕಿ ಹರಿಯಿತು. ಮೊದಲ ವಾರ ಎಲ್ಲರೂ ಮೂಗು ಮುಚ್ಚಿಕೊಂಡು ಓಡಾಡಿದೆವು. ಎರಡನೇ ವಾರ ವಾಟ್ಸ್ಆ್ಯಪ್ ಗುಂಪಿನಲ್ಲಿ ಫೋಟೋ ಹಾಕಿ ಬೈದುಕೊಂಡೆವು. ಮೂರನೇ ವಾರ ನಾನೇ ಒಂದು ಕಚೇರಿಗೆ ಹೋದೆ. ಅಲ್ಲಿದ್ದವರು ಫೋಟೋವನ್ನು ದೊಡ್ಡದು ಮಾಡಿ ನೋಡಿ, "ಸಾರ್, ಇದು ನಮ್ಮ ನೀರಲ್ಲ" ಅಂದರು. ಅವರು ಹೇಳಿದ್ದು ಸರಿಯಾಗಿತ್ತು. ಉಕ್ಕುತ್ತಿದ್ದದ್ದು ಮೋರಿಗೆ ಅಂಟಿಕೊಂಡಿದ್ದ ಮ್ಯಾನ್‌ಹೋಲ್. ಮೋರಿ ಒಬ್ಬರದ್ದು, ಮ್ಯಾನ್‌ಹೋಲ್ ಇನ್ನೊಬ್ಬರದ್ದು. ಸರಿಯಾದ ಕಡೆ ದೂರು ಕೊಟ್ಟ ಎರಡೇ ದಿನಕ್ಕೆ ಜೆಟ್ಟಿಂಗ್ ಗಾಡಿ, ಅಂದರೆ ಜೋರಾಗಿ ನೀರು ಬಿಟ್ಟು ಪೈಪಿನ ಕಟ್ಟು ಬಿಡಿಸುವ ಗಾಡಿ, ಬಂದು ನಿಂತಿತ್ತು.

ಈ ಊರಿನ ಆಡಳಿತಕ್ಕೆ ಬಾಗಿಲು ಜಾಸ್ತಿ. ಸರಿಯಾದ ಬಾಗಿಲು ಹುಡುಕುವುದೇ ಅರ್ಧ ಕೆಲಸ. ಉಳಿದರ್ಧ, ಬಾಯಿಮಾತಿನ ಬದಲು ಕಾಗದ ಕೊಡುವುದು. ಅವತ್ತಿನಿಂದ ಈ ಎರಡನ್ನೂ ಸುತ್ತಾಡಿ ಕಲಿತಿದ್ದೇನೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ನಿಮ್ಮ ವಾರ್ಡ್ ಹುಡುಕಿ

ಹಡ್ಸನ್ ಸರ್ಕಲ್ ಹತ್ತಿರ ಬಸ್ ನಿಂತರೆ ಇವತ್ತಿಗೂ "ಕಾರ್ಪೊರೇಷನ್, ಕಾರ್ಪೊರೇಷನ್" ಅಂತಲೇ ಕೂಗು ಕೇಳುತ್ತದೆ. ನಮ್ಮ ಬಾಯಲ್ಲೂ ಅದೇ ಹೆಸರು. ಬೋರ್ಡು ಮಾತ್ರ ಬದಲಾಗುತ್ತಲೇ ಬಂದಿದೆ. 1949ರಲ್ಲಿ ಪೇಟೆ ಮತ್ತು ದಂಡು ಎಂಬ ಎರಡು ಕಡೆಯ ಪುರಸಭೆಗಳನ್ನು ಸೇರಿಸಿ ಕಾರ್ಪೊರೇಷನ್ ಮಾಡಿದರು. 2007ರಲ್ಲಿ ಸುತ್ತಲಿನ 7 ನಗರಸಭೆ, ಕೆಂಗೇರಿ ಪುರಸಭೆ, 110 ಹಳ್ಳಿ ಸೇರಿಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ, ಅಂದರೆ ಬಿಬಿಎಂಪಿ ಆಯಿತು. ವಾರ್ಡುಗಳು 198 ಆದವು. 2025ರ ಸೆಪ್ಟೆಂಬರ್‌ನಲ್ಲಿ ಅದನ್ನೂ ಒಡೆದು ಐದು ನಗರ ಪಾಲಿಕೆ ಮಾಡಿದರು: ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ಐದಕ್ಕೂ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅಂದರೆ ಜಿಬಿಎ. ಅದರ ಅಧ್ಯಕ್ಷರು ಮುಖ್ಯಮಂತ್ರಿ. ಐದೂ ಪಾಲಿಕೆ ಸೇರಿ 369 ವಾರ್ಡು.

ಇಲ್ಲೇ ಜನ ಎಡವುವುದು. ಹಳೇ ತೆರಿಗೆ ರಸೀದಿಯಲ್ಲಿ ಇರುವುದು 198ರ ಕಾಲದ ವಾರ್ಡ್ ನಂಬರು. ನಡುವೆ ಒಮ್ಮೆ 243 ವಾರ್ಡಿನ ಪಟ್ಟಿ ಬಂತು, ಆಮೇಲೆ 225ರ ಪಟ್ಟಿ ಬಂತು. ಆ ಎರಡರ ಮೇಲೂ ಚುನಾವಣೆ ನಡೆಯಲೇ ಇಲ್ಲ. ಆದರೂ ಗೂಗಲ್ ಮಾಡಿದರೆ ನಾಲ್ಕೂ ಸಿಗುತ್ತವೆ. ಜಿಬಿಎ ಜಾಲತಾಣದ ಹೊಸ ವಾರ್ಡ್ ನಕ್ಷೆ ತೆಗೆದು, ನಿಮ್ಮ ಮನೆಯ ಜಾಗವನ್ನು ನಕ್ಷೆಯ ಮೇಲೆ ಬೆರಳಿಟ್ಟು ನೋಡಿ. ಬಡಾವಣೆ ಹೆಸರು ನಂಬಿ ಊಹಿಸಬೇಡಿ. ಗಡಿ ರಸ್ತೆಯ ಮಧ್ಯದಲ್ಲೇ ಹಾದುಹೋದರೆ ನೀವು ಒಂದು ವಾರ್ಡು, ಎದುರು ಮನೆಯವರು ಇನ್ನೊಂದು.

ಹೆಸರಿನ ಗೊಂದಲ ಬೇರೆ ಇದೆ. "ಬೆಂಗಳೂರು ದಕ್ಷಿಣ" ಅಂದರೆ ಒಂದು ಲೋಕಸಭಾ ಕ್ಷೇತ್ರ, ಒಂದು ವಿಧಾನಸಭಾ ಕ್ಷೇತ್ರ, ಈಗ ಒಂದು ಪಾಲಿಕೆ, ಜೊತೆಗೆ ಮೊದಲು ರಾಮನಗರ ಅಂತಿದ್ದ ಜಿಲ್ಲೆ. ನಾಲ್ಕಕ್ಕೂ ಗಡಿ ಬೇರೆ ಬೇರೆ. ಅರ್ಜಿಯಲ್ಲಿ ಸುಮ್ನೆ "ಬೆಂಗಳೂರು ದಕ್ಷಿಣ" ಅಂತ ಬರೆದರೆ ಅದು ಎಲ್ಲಿಗೆ ಹೋಗಿ ಕೂರುತ್ತದೋ ದೇವರಿಗೇ ಗೊತ್ತು. "ಬೆಂಗಳೂರು ದಕ್ಷಿಣ ನಗರ ಪಾಲಿಕೆ" ಅಂತ ಪೂರ್ತಿ ಬರೆಯಿರಿ.

ಯಾವುದು ಯಾರದ್ದು

ಮಳೆನೀರು ಹೋಗುವ ರಸ್ತೆ ಬದಿಯ ಮೋರಿ ಪಾಲಿಕೆಯದ್ದು. ಆ ಮೋರಿಗಳ ನೀರೆಲ್ಲ ಹೋಗಿ ಸೇರುವ ರಾಜಕಾಲುವೆಗೆ ಬೇರೆ ಇಂಜಿನಿಯರ್‌ಗಳು, ಬೇರೆ ವಿಭಾಗ. ಮನೆಯ ಬಚ್ಚಲು, ಶೌಚಾಲಯದ ನೀರು ಹೋಗುವ ಒಳಚರಂಡಿ ಮತ್ತು ಅದರ ಮ್ಯಾನ್‌ಹೋಲ್ ಜಲಮಂಡಳಿಯದ್ದು. ನಲ್ಲಿಗೆ ಬರುವ ಕಾವೇರಿ ನೀರೂ ಅವರದ್ದೇ. ಜಲಮಂಡಳಿ 1964ರಿಂದಲೂ ರಾಜ್ಯ ಸರ್ಕಾರದ ಸಂಸ್ಥೆ, ಪಾಲಿಕೆಯ ಕೈಕೆಳಗೆ ಇಲ್ಲ. ಮೇಯರ್ ಹೇಳಿದರೂ ಅದು ಕೇಳಬೇಕೆಂದಿಲ್ಲ.

ಮೋರಿಯೋ ಮ್ಯಾನ್‌ಹೋಲೋ ತಿಳಿಯುವುದು ಹೇಗೆ? ಮಳೆ ಇಲ್ಲದ ದಿನ, ಬೆಳಿಗ್ಗೆ ಎಲ್ಲರೂ ಸ್ನಾನ ಮಾಡುವ ಹೊತ್ತಿಗೆ ಉಕ್ಕುತ್ತಿದ್ದರೆ ಅದು ಬಹುಪಾಲು ಒಳಚರಂಡಿ. ಮಳೆ ಬಂದಾಗ ಮಾತ್ರ ತುಂಬಿದರೆ ಮೋರಿಯಲ್ಲಿ ಹೂಳು. ಎರಡೂ ಹೊತ್ತು ಉಕ್ಕಿದರೆ ಯಾರೋ ಒಳಚರಂಡಿ ಪೈಪನ್ನು ಮೋರಿಗೆ ಬಿಟ್ಟಿರಬಹುದು. ಆಗ ಎರಡೂ ಕಡೆ ದೂರು ಕೊಡಿ, ಒಂದರ ಪ್ರತಿಯನ್ನು ಇನ್ನೊಂದಕ್ಕೆ ಲಗತ್ತಿಸಿ. ಅನುಮಾನ ಇದ್ದರೆ ನಿಮ್ಮ ಬೀದಿ ಗುಡಿಸುವ ಪೌರಕಾರ್ಮಿಕರನ್ನು ಕೇಳಿ. ನಮ್ಮ ಬೀದಿಗೆ ಬರುವ ಅಮ್ಮ ಒಂದೇ ಮಾತಲ್ಲಿ ಹೇಳಿದ್ದರು: "ಅದು ಟಾಯ್ಲೆಟ್ ನೀರು ಸಾರ್, ವಾಸ್ನೆ ಗೊತ್ತಾಗಲ್ವಾ?" ನಾನು ಅವರನ್ನು ಮೊದಲ ವಾರವೇ ಕೇಳಬೇಕಿತ್ತು.

ಬೀದಿ ದೀಪದ ವಿಷಯದಲ್ಲೂ ಇದೇ ತಪ್ಪು ನಡೆಯುತ್ತದೆ. ದೀಪ ಕೆಟ್ಟರೆ ಬೆಸ್ಕಾಂಗೆ ಫೋನ್ ಮಾಡುವವರು ತುಂಬಾ ಜನ. ಕರೆಂಟು ಕೊಡುವುದು ಬೆಸ್ಕಾಂ, ದೀಪ ನೋಡಿಕೊಳ್ಳುವುದು ಪಾಲಿಕೆ. ಮನೆಗೂ ಕರೆಂಟಿಲ್ಲ, ಟ್ರಾನ್ಸ್‌ಫಾರ್ಮರ್ ಸಿಡಿಯಿತು ಅಂದರೆ ಬೆಸ್ಕಾಂ. ಫುಟ್‌ಪಾತ್ ಕಲ್ಲು ಎದ್ದಿದ್ದರೆ ಪಾಲಿಕೆ, ಅದೇ ಫುಟ್‌ಪಾತ್ ಮೇಲೆ ಬೈಕು ನಿಲ್ಲಿಸಿದ್ದರೆ ಸಂಚಾರ ಪೊಲೀಸರು. ಮರದ ಕೊಂಬೆ ಕಡಿಸಬೇಕಾದರೆ ಪಾಲಿಕೆಯ ಅರಣ್ಯ ವಿಭಾಗ. ಸ್ವಂತ ಕಾಂಪೌಂಡಿನ ಮರವಾದರೂ ಕಡಿಯಲು ಅನುಮತಿ ಬೇಕು, ಅದಕ್ಕೆ 1976ರಿಂದಲೇ ಕಾಯ್ದೆ ಇದೆ. ಬೀದಿ ನಾಯಿಗೆ ಪಶುಪಾಲನಾ ವಿಭಾಗ. ಕಸಕ್ಕೆ ಈಗ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತ ಎಂಬ ಪ್ರತ್ಯೇಕ ಕಂಪನಿಯೇ ಇದೆ.

ಮೂರು ನಂಬರು ಫೋನಿನಲ್ಲಿ ಉಳಿಸಿಕೊಳ್ಳಿ: ಪಾಲಿಕೆಗೆ 1533, ಜಲಮಂಡಳಿಗೆ 1916, ಬೆಸ್ಕಾಂಗೆ 1912.

ಪಾಲಿಕೆಯ ಒಳಗೆ ಯಾರು ಏನು ಮಾಡುತ್ತಾರೆ

ನಿಮ್ಮ ವಾರ್ಡಿನಿಂದ ಗೆದ್ದು ಹೋಗುವವರು ಪಾಲಿಕೆ ಸದಸ್ಯರು. ನಾವೆಲ್ಲ ಕರೆಯುವುದು ಕಾರ್ಪೊರೇಟರ್ ಅಂತ. ಅವರು ಸಭೆಯಲ್ಲಿ ನಿಮ್ಮ ವಾರ್ಡಿನ ಪರವಾಗಿ ಮಾತಾಡುತ್ತಾರೆ, ಬಜೆಟ್ಟಿಗೆ ಕೈ ಎತ್ತುತ್ತಾರೆ, ಸ್ಥಾಯಿ ಸಮಿತಿಗಳಲ್ಲಿ ಕೂರುತ್ತಾರೆ. ತೆರಿಗೆ, ಆರೋಗ್ಯ, ಕಾಮಗಾರಿ, ಲೆಕ್ಕಪತ್ರ ಹೀಗೆ ಒಂದೊಂದಕ್ಕೂ ಒಂದು ಸಮಿತಿ. ದೊಡ್ಡ ಸಭೆಯಲ್ಲಿ ಟಿವಿ ಕ್ಯಾಮೆರಾ ಮುಂದೆ ಜಗಳ ಕಾಣುತ್ತದೆ, ನಿಜವಾದ ಚೌಕಾಸಿ ಸಮಿತಿಯಲ್ಲಿ ನಡೆಯುತ್ತದೆ. ನಿಮ್ಮ ಕಾರ್ಪೊರೇಟರ್ ಯಾವ ಸಮಿತಿಯಲ್ಲಿದ್ದಾರೆ ಅಂತ ಕೇಳಿಕೊಂಡಿರಿ.

ಮೇಯರ್ ಸಭೆ ನಡೆಸುತ್ತಾರೆ, ನಗರದ ಪ್ರಥಮ ಪ್ರಜೆ ಅನ್ನಿಸಿಕೊಳ್ಳುತ್ತಾರೆ. ಆದರೆ ಕಡತಕ್ಕೆ ಸಹಿ ಹಾಕುವುದು, ಬಿಲ್ ಪಾಸ್ ಮಾಡುವುದು, ಸಿಬ್ಬಂದಿಯನ್ನು ನಡೆಸುವುದು ಆಯುಕ್ತರು. ಅವರು ರಾಜ್ಯ ಸರ್ಕಾರ ನೇಮಿಸಿದ ಅಧಿಕಾರಿ. ಬಿಬಿಎಂಪಿಯ ಎರಡು ಚುನಾಯಿತ ಸಭೆಗಳ ಕಾಲದಲ್ಲಿ ಮೇಯರ್ ಅವಧಿ ಒಂದೇ ವರ್ಷ ಇತ್ತು. ಕುರ್ಚಿ ಬಿಸಿಯಾಗುವಷ್ಟರಲ್ಲಿ ಏಳಬೇಕಿತ್ತು. ಬಲ ಯಾರ ಕಡೆ ವಾಲುತ್ತಿತ್ತು ಅಂತ ನೀವೇ ಊಹಿಸಬಹುದು.

ನಮ್ಮ ಮತ ಹೇಗೆ ಲೆಕ್ಕಕ್ಕೆ ಬರುತ್ತದೆ ಅನ್ನುವುದಕ್ಕೆ 2015ರದ್ದು ಒಳ್ಳೆಯ ಉದಾಹರಣೆ. ಅವತ್ತು 198 ವಾರ್ಡಿನಲ್ಲಿ ಬಿಜೆಪಿ 100 ಗೆದ್ದಿತು, ಕಾಂಗ್ರೆಸ್ 76, ಜೆಡಿಎಸ್ 14. ಆದರೂ ಮೇಯರ್ ಆದವರು ಕಾಂಗ್ರೆಸ್ಸಿನವರು. ಯಾಕೆಂದರೆ ಮೇಯರ್ ಆಯ್ಕೆಗೆ ಕಾರ್ಪೊರೇಟರ್‌ಗಳ ಜೊತೆ ನಗರದ ಶಾಸಕರು, ವಿಧಾನ ಪರಿಷತ್ ಸದಸ್ಯರು, ಸಂಸದರೂ ಮತ ಹಾಕುತ್ತಿದ್ದರು. ಕಾನೂನಿನ ಪ್ರಕಾರ ತಪ್ಪೇನಿಲ್ಲ. ಆದರೆ ವಾರ್ಡಿನಲ್ಲಿ ನಿಂತು ಮತ ಹಾಕಿದವರಿಗೆ ಇದನ್ನು ಮೊದಲೇ ಯಾರಾದರೂ ಹೇಳಿದ್ದರಾ? ನನಗಂತೂ ಹೇಳಿರಲಿಲ್ಲ. ಅದೇ ಚುನಾವಣೆಯಲ್ಲಿ ಅರ್ಧದಷ್ಟು ವಾರ್ಡು ಮಹಿಳೆಯರಿಗೆ ಮೀಸಲಾಗಿದ್ದವು, ಅದು ಒಳ್ಳೆಯದೇ ಆಯಿತು.

ಆ ಸಭೆಯ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಮೇಲೆ ಐದು ವರ್ಷಕ್ಕೂ ಜಾಸ್ತಿ ಕಾಲ ಈ ಊರನ್ನು ಆಡಳಿತಾಧಿಕಾರಿಗಳೇ ನಡೆಸಿದರು. ಬಜೆಟ್ ಬಂತು, ರಸ್ತೆ ಅಗೆದರು, ಮುಚ್ಚಿದರು. ಆದರೆ "ನಮ್ಮ ವಾರ್ಡಿಗೆ ಯಾಕೆ ಇಲ್ಲ?" ಅಂತ ಎದ್ದು ನಿಂತು ಕೇಳುವ ಜಾಗವೇ ಇರಲಿಲ್ಲ. ಜನ ಶಾಸಕರ ಮನೆ ಮುಂದೆ ಹೋಗಿ ನಿಂತರು. ಶಾಸಕರ ಕೆಲಸ ರಾಜ್ಯಕ್ಕೆ ಕಾನೂನು ಮಾಡುವುದು, ಮೋರಿ ಸ್ಲ್ಯಾಬ್ ಎಣಿಸುವುದಲ್ಲ ಅನ್ನುವುದು ನನ್ನ ಹಠ. ಆದರೂ ಕಾರ್ಪೊರೇಟರ್ ಇಲ್ಲದ ಕಾಲದಲ್ಲಿ ಬೇರೆ ದಾರಿ ಇಲ್ಲ, ಅರ್ಜಿಯ ಒಂದು ಪ್ರತಿ ಅವರಿಗೂ ಕೊಡಿ.

ದಿನನಿತ್ಯದ ಕೆಲಸಕ್ಕೆ ನಿಮಗೆ ಬೇಕಾದವರು ಇವರ್ಯಾರೂ ಅಲ್ಲ. ರಸ್ತೆ, ಮೋರಿಗೆ ವಾರ್ಡಿನ ಸಹಾಯಕ ಇಂಜಿನಿಯರ್, ಅಂದರೆ ಎಇ. ಅವರ ಮೇಲೆ ಸಹಾಯಕ ಕಾರ್ಯಪಾಲಕ ಇಂಜಿನಿಯರ್ (ಎಇಇ), ಅವರ ಮೇಲೆ ಕಾರ್ಯಪಾಲಕ ಇಂಜಿನಿಯರ್ (ಇಇ). ಖಾತೆ (ನಿಮ್ಮ ಆಸ್ತಿಯ ಬಗ್ಗೆ ಪಾಲಿಕೆ ಇಡುವ ದಾಖಲೆ), ತೆರಿಗೆಗೆ ಸಹಾಯಕ ಕಂದಾಯ ಅಧಿಕಾರಿ. ಸ್ವಚ್ಛತೆಗೆ ಆರೋಗ್ಯ ನಿರೀಕ್ಷಕರು. ಒಂದು ದಿನ ಬಿಡುವು ಮಾಡಿಕೊಂಡು ವಾರ್ಡ್ ಕಚೇರಿಗೆ ಹೋಗಿ. ಯಾರು ಎಲ್ಲಿ ಕೂರುತ್ತಾರೆ, ಯಾವ ಹೊತ್ತಿಗೆ ಸಿಗುತ್ತಾರೆ ಅಂತ ಬರೆದುಕೊಂಡು ಬನ್ನಿ. ಬೆಳಿಗ್ಗೆ ಇಂಜಿನಿಯರ್‌ಗಳು ಸೈಟಿನಲ್ಲಿರುತ್ತಾರೆ, ಮಧ್ಯಾಹ್ನದ ಮೇಲೆ ಹೋಗುವುದು ವಾಸಿ.

ದೂರನ್ನು ಹೀಗೆ ಬರೆಯಿರಿ

1533ಕ್ಕೆ ಫೋನ್ ಮಾಡಿ, ಇಲ್ಲವೇ ಸಹಾಯ ಆ್ಯಪ್‌ನಲ್ಲಿ ಹಾಕಿ. ದೂರಿನ ನಂಬರ್ ಬರುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ಬಲ್ಬು, ಕಸದ ರಾಶಿಯಂಥ ಸಣ್ಣ ಕೆಲಸಕ್ಕೆ ಇಷ್ಟು ಸಾಕು. ಕೆಲಸ ಆಗದೆಯೇ "ಪರಿಹರಿಸಲಾಗಿದೆ" ಅಂತ ಮೆಸೇಜ್ ಬಂದರೆ ಬೇಜಾರಾಗಬೇಡಿ. ಆ ದಿನದ ಫೋಟೋ ತೆಗೆದು ಮತ್ತೆ ದೂರು ಹಾಕಿ, ಹಳೇ ನಂಬರನ್ನೂ ಬರೆಯಿರಿ. ದೊಡ್ಡ ಕೆಲಸಕ್ಕೆ ಕಾಗದವೇ ಬೇಕು.

ಕಾಗದ ಒಂದೇ ಪುಟ ಇರಲಿ. ಒಂದೇ ವಿಷಯ ಇರಲಿ. ಮೋರಿ, ನಾಯಿ, ಪಾರ್ಕು ಮೂರನ್ನೂ ಒಂದೇ ಅರ್ಜಿಯಲ್ಲಿ ಹಾಕಿದರೆ ಮೂರು ವಿಭಾಗದವರೂ ಅದನ್ನು ಇನ್ನೊಬ್ಬರ ಟೇಬಲ್ಲಿಗೆ ತಳ್ಳುತ್ತಾರೆ. ನಾನು ಬಳಸುವ ನಮೂನೆ ಇದು:

"ಸಹಾಯಕ ಕಾರ್ಯಪಾಲಕ ಇಂಜಿನಿಯರ್ ರವರಿಗೆ. ವಿಷಯ: ಇಂಥ ವಾರ್ಡಿನ ಇಂಥ ಅಡ್ಡರಸ್ತೆಯಲ್ಲಿ ಮೋರಿ ಹೂಳು ತೆಗೆಸುವ ಬಗ್ಗೆ. ಮಾನ್ಯರೇ, ಮೇಲ್ಕಂಡ ರಸ್ತೆಯಲ್ಲಿ ಇಂಥ ಮನೆ ನಂಬರಿನಿಂದ ಇಂಥ ಮನೆ ನಂಬರಿನವರೆಗೆ ಸುಮಾರು 40 ಮೀಟರ್ ಮೋರಿಯಲ್ಲಿ ಹೂಳು ತುಂಬಿದೆ. ಮಳೆ ಬಂದಾಗ ನೀರು ಮನೆಗಳಿಗೆ ನುಗ್ಗುತ್ತಿದೆ. ಈ ಬಗ್ಗೆ ಇಂಥ ದಿನಾಂಕದಂದು ಇಂಥ ನಂಬರಿನ ದೂರು ನೀಡಿರುತ್ತೇವೆ. ದಯವಿಟ್ಟು ಹೂಳು ತೆಗೆಸಿ, ತೆಗೆದ ಹೂಳನ್ನು ಅಂದೇ ಸಾಗಿಸಿ, ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ."

"ತೆಗೆದ ಹೂಳನ್ನು ಅಂದೇ ಸಾಗಿಸಿ" ಅನ್ನುವ ಮಾತು ಮರೆಯಬೇಡಿ. ಇಲ್ಲದಿದ್ದರೆ ಹೂಳು ಮೋರಿ ಪಕ್ಕದಲ್ಲೇ ಗುಡ್ಡೆಯಾಗಿ ಒಣಗಿ, ಮುಂದಿನ ಮಳೆಗೆ ಮತ್ತೆ ಒಳಗೇ ಹೋಗುತ್ತದೆ. ಕೆಳಗೆ ಹತ್ತು ಮನೆಯವರ ಸಹಿ ಹಾಕಿಸಿ. ಎರಡು ಪ್ರತಿ ಒಯ್ಯಿರಿ. ಒಂದನ್ನು ಟಪಾಲ್ ಸೆಕ್ಷನ್ನಿಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. "ಕೊಟ್ಟು ಹೋಗಿ ಸಾರ್, ನೋಡ್ತೀವಿ" ಅಂದರೆ ನಗುತ್ತಲೇ "ಒಂದು ಸೀಲು ಹಾಕ್ಬಿಡಿ ಸಾರ್" ಅನ್ನಿ. ಸೀಲು ಇಲ್ಲದ ಪ್ರತಿ ನಾಳೆ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಖಾತೆಯಂಥ ಸೇವೆಗೆ ಅರ್ಜಿ ಹಾಕುತ್ತಿದ್ದರೆ, ಆ ಸೇವೆ "ಸಕಾಲ"ದ, ಅಂದರೆ ಗಡುವಿನೊಳಗೆ ಸೇವೆ ಕೊಡಲೇಬೇಕು ಅನ್ನುವ ರಾಜ್ಯದ ಕಾಯ್ದೆಯ, ಪಟ್ಟಿಯಲ್ಲಿದೆಯಾ ನೋಡಿ. ಇದ್ದರೆ ನಿಮ್ಮ ಅರ್ಜಿಗೆ 15 ಅಂಕಿಯ ಸ್ವೀಕೃತಿ ನಂಬರ್ (ಜಿಎಸ್‌ಸಿ ನಂಬರ್) ಕೊಡಲೇಬೇಕು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ದುಡ್ಡು ಸಣ್ಣದು, ಆದರೆ ವಿಳಂಬ ಯಾರ ಹೆಸರಲ್ಲಿ ಆಯಿತು ಅನ್ನುವುದು ದಾಖಲಾಗುತ್ತದೆ.

ವಾರ್ಡ್ ಸಮಿತಿಗೆ ಹೋಗಿ ಕೂತುಕೊಳ್ಳಿ

ಸಂವಿಧಾನದ 74ನೇ ತಿದ್ದುಪಡಿ 1993ರಿಂದ ಜಾರಿಯಲ್ಲಿದೆ. ಮೂರು ಲಕ್ಷಕ್ಕಿಂತ ಜಾಸ್ತಿ ಜನ ಇರುವ ನಗರದಲ್ಲಿ ವಾರ್ಡ್ ಸಮಿತಿ ಇರಬೇಕು ಅಂತ ಅದು ಹೇಳುತ್ತದೆ. ಕಾರ್ಪೊರೇಟರ್ ಅದರ ಅಧ್ಯಕ್ಷರು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ನಿವಾಸಿಗಳ ಸಂಘದವರು ಸದಸ್ಯರಾಗಿರುತ್ತಾರೆ.

ನೀವು ಸದಸ್ಯರಲ್ಲದಿದ್ದರೂ ಸಭೆ ಯಾವಾಗ ಅಂತ ವಾರ್ಡ್ ಕಚೇರಿಯಲ್ಲಿ ಕೇಳಿ ಹೋಗಿ. ಮೊದಲ ಸಲ ಮಾತಾಡಬೇಡಿ, ಕೇಳಿಸಿಕೊಳ್ಳಿ. ಎರಡನೇ ಸಲ ಹೋಗುವಾಗ ಕಳೆದ ಸಭೆಯ ನಡಾವಳಿಯ ಪ್ರತಿ ಕೇಳಿ. ಅಷ್ಟರಲ್ಲೇ ಅಧಿಕಾರಿಗಳು ನಿಮ್ಮ ಮುಖ ಗುರುತಿಟ್ಟುಕೊಳ್ಳುತ್ತಾರೆ. ಒಬ್ಬರೇ ಹೋಗಬೇಡಿ, ಜೊತೆಗೆ ಇಬ್ಬರನ್ನಾದರೂ ಕರೆದುಕೊಂಡು ಹೋಗಿ. ಅದರಲ್ಲಿ ಒಬ್ಬರು ಅಪಾರ್ಟ್‌ಮೆಂಟಿನ ಆಚೆ ಇರುವವರಾಗಿರಲಿ. ವಠಾರದಲ್ಲಿರುವವರು, ತಳ್ಳುಗಾಡಿ ಇಟ್ಟವರು ಇಂಥ ಸಭೆಗೆ ಬರುವುದು ಕಡಿಮೆ. ಅವರು ಬರದಿದ್ದರೆ ಚರ್ಚೆಯೆಲ್ಲ ಪಾರ್ಕಿನ ಟೈಲ್ಸ್ ಮತ್ತು ಪಾರ್ಕಿಂಗಿನ ಸುತ್ತಲೇ ತಿರುಗುತ್ತದೆ. ಸಾರ್ವಜನಿಕ ನಲ್ಲಿ, ಸಾರ್ವಜನಿಕ ಶೌಚಾಲಯದ ಮಾತು ಬರುವುದೇ ಇಲ್ಲ.

ದುಡ್ಡಿನ ಜಾಡು ಹಿಡಿಯಿರಿ

ಪಾಲಿಕೆಯ ಸ್ವಂತ ಆದಾಯದಲ್ಲಿ ದೊಡ್ಡದು ಆಸ್ತಿ ತೆರಿಗೆ. 2008ರಿಂದ ನಾವೇ ಲೆಕ್ಕ ಹಾಕಿ ಘೋಷಿಸಿಕೊಂಡು ಕಟ್ಟುವ ಪದ್ಧತಿ ಇದೆ. ಏಪ್ರಿಲ್‌ನಲ್ಲಿ ಪೂರ್ತಿ ಕಟ್ಟಿದವರಿಗೆ ಶೇ. 5 ರಿಯಾಯಿತಿ ಕೊಡುತ್ತಾ ಬಂದಿದ್ದಾರೆ. ರಸೀದಿಯನ್ನು ಒಮ್ಮೆ ಪೂರ್ತಿ ಓದಿ ನೋಡಿ. ತೆರಿಗೆಯ ಮೇಲೆ ಶೇ. 6 ಗ್ರಂಥಾಲಯ ಸೆಸ್, ಶೇ. 3 ಭಿಕ್ಷುಕರ ಸೆಸ್ ಅಂತ ಇರುತ್ತದೆ. ಅದು ಪಾಲಿಕೆ ವಸೂಲು ಮಾಡಿ ಬೇರೆಯವರಿಗೆ ದಾಟಿಸಬೇಕಾದ ದುಡ್ಡು. ನಿಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಹೊಸ ಪುಸ್ತಕ ಬರುತ್ತಿಲ್ಲ ಅಂದರೆ ಕೇಳುವ ಹಕ್ಕು ನಿಮಗಿದೆ, ನೀವೇ ಕೊಟ್ಟ ದುಡ್ಡು ಅದು.

ಬಜೆಟ್ ಮಾರ್ಚ್ ಆಸುಪಾಸಿನಲ್ಲಿ ಬರುತ್ತದೆ. ಆಮೇಲೆ ಕೂಗಿದರೆ ಪ್ರಯೋಜನ ಕಡಿಮೆ. ನಿಮ್ಮ ಬೀದಿಗೆ ಏನಾದರೂ ಬೇಕಿದ್ದರೆ ಡಿಸೆಂಬರ್, ಜನವರಿಯಲ್ಲೇ ಬರೆದುಕೊಡಿ. ಉದ್ದ ಎಷ್ಟು, ಎಲ್ಲಿಂದ ಎಲ್ಲಿಗೆ ಅಂತ ಬರೆದರೆ ಇಂಜಿನಿಯರ್ ಅಂದಾಜು ಪಟ್ಟಿ ಮಾಡುವುದು ಸುಲಭ. ಅಂದಾಜು ಪಟ್ಟಿ ಇಲ್ಲದ ಬೇಡಿಕೆಗೆ ಬಜೆಟ್ಟಿನಲ್ಲಿ ಜಾಗ ಸಿಗುವುದು ಕಷ್ಟ.

ಕಾಮಗಾರಿ ಶುರುವಾದರೆ ಕೇಳಬೇಕಾದ ಮೊದಲ ಪ್ರಶ್ನೆ: "ಜಾಬ್ ನಂಬರ್ ಎಷ್ಟು?" ಪಾಲಿಕೆಯ ಪ್ರತಿ ಕಾಮಗಾರಿಗೂ ಅದು ಇರುತ್ತದೆ. ಅದು ಸಿಕ್ಕರೆ ಗುತ್ತಿಗೆದಾರರು ಯಾರು, ಮೊತ್ತ ಎಷ್ಟು, ಬಿಲ್ ಆಯಿತಾ ಅಂತ ಎಲ್ಲವೂ ಸಿಗುತ್ತದೆ. ಎರಡನೇ ಪ್ರಶ್ನೆ: "ಡಿಎಲ್‌ಪಿ ಯಾವತ್ತಿನವರೆಗೆ?" ಅಂದರೆ, ಕೆಲಸ ಕೆಟ್ಟರೆ ಗುತ್ತಿಗೆದಾರರೇ ಸ್ವಂತ ಖರ್ಚಿನಲ್ಲಿ ಸರಿ ಮಾಡಿಕೊಡಬೇಕಾದ ಅವಧಿ. ಹೊಸ ಡಾಂಬರು ಮೊದಲ ಮಳೆಗೇ ಕಿತ್ತುಹೋದರೆ "ರಸ್ತೆ ರಿಪೇರಿ ಮಾಡಿಸಿ" ಅಂತ ಬರೆಯಬೇಡಿ. ಹಾಗೆ ಬರೆದರೆ ಹೊಸ ಟೆಂಡರ್, ಹೊಸ ಬಿಲ್ಲು. "ಡಿಎಲ್‌ಪಿ ಅವಧಿಯಲ್ಲಿ ಇರುವುದರಿಂದ ಗುತ್ತಿಗೆದಾರರಿಂದಲೇ ದುರಸ್ತಿ ಮಾಡಿಸಿ" ಅಂತ ಬರೆಯಿರಿ. ಈ ಒಂದು ಸಾಲಿಗೆ ಇರುವ ತೂಕ ಹತ್ತು ಸಹಿಗೂ ಇಲ್ಲ ಅನ್ನುವುದು ನನ್ನ ಅನುಭವ.

ಉತ್ತರ ಬರದಿದ್ದರೆ ಆರ್‌ಟಿಐ

ಮೂವತ್ತು ದಿನ ಕಾದು, ಸೀಲು ಹಾಕಿದ ಪ್ರತಿ ಹಿಡಿದು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಇಡಬಹುದು. ಕರ್ನಾಟಕದ ನಿಯಮದಲ್ಲಿ ಎರಡು ಕಟ್ಟುಪಾಡು ಇವೆ: ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಇದನ್ನು ಮೀರಿ ಕಥೆ ಬರೆದರೆ ಅದೇ ನೆಪ ಹೇಳಿ ವಾಪಸ್ ಕಳಿಸುತ್ತಾರೆ.

"ಯಾಕೆ ಮಾಡಿಲ್ಲ?" ಅಂತ ಕೇಳಬೇಡಿ. ಅಭಿಪ್ರಾಯ ಕೇಳಿದರೆ ಉತ್ತರ ಕೊಡಬೇಕಾಗಿಲ್ಲ. ದಾಖಲೆ ಕೇಳಿ: "ಇಂಥ ಇನ್‌ವರ್ಡ್ ನಂಬರಿನ ನನ್ನ ಅರ್ಜಿಯ ಮೇಲೆ ದಿನವಾರು ಕೈಗೊಂಡ ಕ್ರಮದ ಟಿಪ್ಪಣಿ ಹಾಳೆಯ ಪ್ರತಿ ಕೊಡಿ. ಇಂಥ ರಸ್ತೆಯ ಕಾಮಗಾರಿಯ ಕಾರ್ಯಾದೇಶ ಮತ್ತು ಅಳತೆ ಪುಸ್ತಕದ ಪ್ರತಿ ಕೊಡಿ." ಅಳತೆ ಪುಸ್ತಕ ಅಂದರೆ ಎಂಬಿ. ಎಷ್ಟು ಮೀಟರ್ ಕೆಲಸ ಆಯಿತು ಅಂತ ಇಂಜಿನಿಯರ್ ಬರೆದು ಸಹಿ ಹಾಕಿರುವ ಪುಸ್ತಕ. ಅದರ ಪ್ರತಿ ಹಿಡಿದು, ಒಂದು ಟೇಪು ತಗೊಂಡು ಬೀದಿಗೆ ಇಳಿದರೆ ಆಯಿತು. ಎಷ್ಟೋ ಸಲ ಎಂಬಿ ಕೇಳಿದ ವಾರದಲ್ಲೇ ಬಾಕಿ ಸ್ಲ್ಯಾಬುಗಳು ತಾವಾಗೇ ಬಂದು ಕೂರುತ್ತವೆ.

30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಇನ್ನು 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ. ಆಯೋಗದಲ್ಲಿ ತಡವಾಗುತ್ತದೆ. ಆದರೆ ಅಲ್ಲಿಯವರೆಗೆ ಹೋಗುವ ಪ್ರಸಂಗ ನನಗೆ ಒಮ್ಮೆ ಮಾತ್ರ ಬಂದಿದೆ.

ಚುನಾವಣೆ ಹೊತ್ತಿಗೆ

ಪಾಲಿಕೆ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ, ಲೋಕಸಭೆ ನಡೆಸುವ ಆಯೋಗವಲ್ಲ. ಮತದಾರರ ಪಟ್ಟಿಯನ್ನು ವಿಧಾನಸಭೆಯ ಪಟ್ಟಿಯಿಂದ ವಾರ್ಡುವಾರು ಒಡೆಯುತ್ತಾರೆ. ಒಡೆಯುವಾಗ ಒಂದೇ ಮನೆಯ ಗಂಡ ಒಂದು ವಾರ್ಡಿಗೆ, ಹೆಂಡತಿ ಇನ್ನೊಂದು ವಾರ್ಡಿಗೆ ಹೋಗಿಬಿಡುವುದುಂಟು. ಹಾಗಾಗಿ ಎಪಿಕ್ ಕಾರ್ಡ್, ಅಂದರೆ ಮತದಾರರ ಗುರುತಿನ ಚೀಟಿ ಇದೆ ಅಂತ ಸುಮ್ನೆ ಕೂರಬೇಡಿ. ಕರಡು ವಾರ್ಡ್ ಪಟ್ಟಿ ಬಂದ ದಿನವೇ ಮನೆಯ ಎಲ್ಲರ ಹೆಸರು ಹುಡುಕಿ. ತಪ್ಪಿದ್ದರೆ ಆಕ್ಷೇಪಣೆಗೆ ಕೊಟ್ಟ ದಿನಗಳೊಳಗೆ ಅರ್ಜಿ ಕೊಡಿ.

ಮತ ಕೇಳಲು ಬಂದವರಿಗೆ ಕಾಫಿ ಕೊಡಿ, ಮೂರು ಪ್ರಶ್ನೆ ಕೇಳಿ. ವಾರ್ಡ್ ಸಮಿತಿ ಸಭೆ ಪ್ರತಿ ತಿಂಗಳು ಕರೆಯುತ್ತೀರಾ? ನಿಮ್ಮ ಅನುದಾನದ ಜಾಬ್ ನಂಬರುಗಳ ಪಟ್ಟಿಯನ್ನು ವಾರ್ಡ್ ಕಚೇರಿ ಗೋಡೆಗೆ ಅಂಟಿಸುತ್ತೀರಾ? ನಮ್ಮ ಮೋರಿ ಎಲ್ಲಿ ಹೋಗಿ ರಾಜಕಾಲುವೆ ಸೇರುತ್ತದೆ? ಮೂರನೆಯದಕ್ಕೆ ಕೈ ತೋರಿಸಿ ಉತ್ತರ ಹೇಳಿದವರು ಬೀದಿಯಲ್ಲಿ ನಡೆದಿದ್ದಾರೆ ಅಂತ ಅರ್ಥ. ನಮ್ಮ ಬೀದಿಗೆ ಹಿಂದಿನ ಸಲ ಬಂದವರಲ್ಲಿ ಒಬ್ಬರು ಮಾತ್ರ ಹೇಳಿದ್ದರು, ಅವರು ಸೋತರು.